ಎರಡು ಅಂಚೆಚೀಟಿಗಳ ನಡುವಿನ ವಂಶವೃಕ್ಷ: ನೂರ್ ಇನಾಯತ್ ಖಾನ್

ನಮ್ಮ ಕುಲಗೋಡದ ಕಡೆ ಅಂಚೆಗೆ ಟಪಾಲು ಎನ್ನುವುದೇ ರೂಢಿ. 1956ರವರೆಗೆ ನಾವು ಮುಂಬೈ ಪ್ರಾಂತದಲ್ಲಿದ್ದವರು. ಅಂಚೆ ಎಂಬ ಮೈಸೂರು ಸೀಮೆಯ ಮಾತು ನಮಗೆ ಶಾಲೆಯ ಪುಸ್ತಕದಿಂದ ಬಂದದ್ದು. ಮನೆಗೆ ಬಂದ ಕಾರ್ಡು, ಇನ್‌ಲ್ಯಾಂಡ್ ಪತ್ರ, ಲಕೋಟೆಗಳನ್ನು ಓದಿದ ಮೇಲೆ ಯಾರೂ ಎಸೆಯುತ್ತಿರಲಿಲ್ಲ. ಕೊಕ್ಕೆಯಂತೆ ಬಾಗಿಸಿದ ಕಬ್ಬಿಣದ ತಂತಿಗೆ ಪೋಣಿಸಿ ಗೋಡೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ವರ್ಷಗಳು ಉರುಳಿದಂತೆ ತಂತಿಯಲ್ಲಿ ಪತ್ರಗಳು ದಪ್ಪನಾದ ಗೊಂಚಲಾಗುತ್ತಿದ್ದವು.

ಹುಡುಗರಾದ ನಮ್ಮ ಕಣ್ಣು ಆ ಗೊಂಚಲಿನ ಮೇಲೆ. ಪತ್ರದಲ್ಲಿ ಏನಿದೆ ಎಂಬುದು ನಮಗೆ ಬೇಕಿರಲಿಲ್ಲ. ಲಕೋಟೆಯ ಮೂಲೆ ಹರಿದು, ತಾಟಿನ ನೀರಿನಲ್ಲಿ ನೆನೆಹಾಕಿ, ಚೀಟಿ ಬಿಡಿಸಿ, ಒಣಗಿಸಿ ಹಳೆಯ ನೋಟ್‌ಬುಕ್ಕಿಗೆ ಅಂಟಿಸುವುದೇ ನಮ್ಮ ಸಂಭ್ರಮ. ಹೀಗೆ ಹರಿದದ್ದರಲ್ಲಿ ನಾವು ಕಳೆದುಕೊಂಡದ್ದೇನು ಎಂಬುದು ಬಹಳ ವರ್ಷಗಳ ನಂತರ ತಿಳಿಯಿತು. ಅದನ್ನು ಲೇಖನದ ಕೊನೆಗೆ ಹೇಳುತ್ತೇನೆ.

ನನ್ನ ಸಂಗ್ರಹದ ಒಂದು ಪುಟದಲ್ಲಿ ಎರಡು ಚೀಟಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ಒಂದು, 1974ರ ಜುಲೈ 15ರಂದು ಭಾರತದ ಅಂಚೆ ಇಲಾಖೆ ಹೊರತಂದ 50 ಪೈಸೆಯ ಟಿಪ್ಪು ಸುಲ್ತಾನ್ ಚೀಟಿ. ಇನ್ನೊಂದು, 2014ರ ಮಾರ್ಚ್ 25ರಂದು ಬ್ರಿಟನ್ನಿನ ರಾಯಲ್ ಮೇಲ್ ಹೊರತಂದದ್ದು. 1914ರಲ್ಲಿ ಹುಟ್ಟಿದ ಹತ್ತು ಮಂದಿ ಗಣ್ಯರ ಮಾಲಿಕೆಯಲ್ಲಿ ಅದೂ ಒಂದು. ಅದರಲ್ಲಿರುವುದು ಒಬ್ಬ ತರುಣಿಯ ಮುಖ. ಬ್ರಿಟನ್ನಿನ ಚೀಟಿಗಳಲ್ಲಿ ದೇಶದ ಹೆಸರು ಇರುವುದಿಲ್ಲ. ಅದಕ್ಕೆ ಬದಲಾಗಿ ದೊರೆಯ ತಲೆಯ ಪಡಿಯಚ್ಚು ಇರುತ್ತದೆ. ಆ ಚೀಟಿಯಲ್ಲಿಯೂ ರಾಣಿ ಎಲಿಜಬೆತ್ ಅವರ ಪುಟ್ಟ ಪಡಿಯಚ್ಚು ಇದೆ. ಅದೇ ಚೀಟಿಯಲ್ಲಿರುವ ತರುಣಿ, ಬ್ರಿಟಿಷರೊಡನೆ ಹೋರಾಡಿ ಶ್ರೀರಂಗಪಟ್ಟಣದ ಕೋಟೆಯಲ್ಲಿ ಮಡಿದ ಟಿಪ್ಪುವಿನ ವಂಶದ ಕುಡಿ. ಅವರೇ ನೂರ್‌-ಉನ್‌-ನಿಸಾ ಇನಾಯತ್ ಖಾನ್.

ಈ ಎರಡು ಚೀಟಿಗಳ ನಡುವಿನ ದಾರಿ ಶ್ರೀರಂಗಪಟ್ಟಣ, ಮೈಸೂರು, ಬರೋಡ, ಮಾಸ್ಕೊ, ಲಂಡನ್, ಪ್ಯಾರಿಸ್ ನಗರಗಳನ್ನು ಹಾದು ಜರ್ಮನಿಯ ಒಂದು ಸೆರೆಮನೆಗೆ ಹೋಗುತ್ತದೆ. ಆ ದಾರಿಯಲ್ಲಿ ನಮ್ಮ ವಿದ್ಯಾರ್ಥಿಗಳು ಒಮ್ಮೆ ನಡೆದು ನೋಡಲಿ ಎಂಬುದೇ ಈ ಬರಹದ ಆಶಯ.

ಶ್ರೀರಂಗಪಟ್ಟಣದಿಂದ ಬರೋಡಕ್ಕೆ

ಮೈಸೂರು ಸೀಮೆಗೆ ಅಂಚೆ ಬಂದದ್ದು 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ. ಓಟದ ಆಳುಗಳು ಊರಿಂದ ಊರಿಗೆ ಓಲೆಗಳನ್ನು ಮುಟ್ಟಿಸುತ್ತಿದ್ದರು. ಜೊತೆಗೆ ರಾಜ್ಯದ ಮೂಲೆಮೂಲೆಯ ಸುದ್ದಿಯನ್ನು ಅರಮನೆಗೆ ತಲುಪಿಸುವ ಗುಪ್ತಚರರ ಕೆಲಸವೂ ಅದೇ ಇಲಾಖೆಯದು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರೂ ಈ ಏರ್ಪಾಡನ್ನು ಮುಂದುವರಿಸಿ ಬಳಸಿಕೊಂಡರು. ಟಿಪ್ಪುವಿನ ನಂತರ ದಿವಾನ್ ಪೂರ್ಣಯ್ಯನವರು ಅದಕ್ಕೆ ಮತ್ತೆ ಜೀವ ಕೊಟ್ಟರು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಇಲಾಖೆ ಹೋದರೂ ಹೆಸರು ಉಳಿಯಿತು. ಇಂದು ಇಡೀ ಕನ್ನಡ ನಾಡು ಬಳಸುವ ಪದ ಅದೇ.

1799ರ ಮೇ 4ರಂದು ಟಿಪ್ಪು ಮಡಿದ ಮೇಲೆ ಅವರ ಮಕ್ಕಳನ್ನೂ ಅಂತಃಪುರದ ಹೆಂಗಸರನ್ನೂ ವೆಲ್ಲೂರಿನ ಕೋಟೆಗೆ ಸಾಗಿಸಲಾಯಿತು. 1806ರ ಜುಲೈಯಲ್ಲಿ ವೆಲ್ಲೂರಿನ ಸಿಪಾಯಿಗಳು ದಂಗೆಯೆದ್ದರು. ಅದರ ನಂತರ ರಾಜಕುಮಾರರನ್ನು ದೂರದ ಕಲ್ಕತ್ತೆಗೆ ಕಳುಹಿಸಲಾಯಿತು. ಹೀಗೆ ಒಂದು ದೊಡ್ಡ ಮನೆತನ ಚದುರಿಹೋಯಿತು.

ಈ ಚದುರಿದ ಮನೆತನದ ಒಂದು ಎಳೆ ಮೈಸೂರಿನಲ್ಲಿ ಸಂಗೀತಗಾರರೊಬ್ಬರ ಮನೆ ಸೇರಿತು. ಅವರೇ ಉಸ್ತಾದ್ ಮೌಲಾ ಬಕ್ಷ್. 1833ರಲ್ಲಿ ಉತ್ತರ ಭಾರತದಲ್ಲಿ ಹುಟ್ಟಿದ ಅವರು ಹಾಡುತ್ತ ಊರೂರು ಸುತ್ತಿ ಮೈಸೂರಿಗೆ ಬಂದರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಅವರಿಗೆ ದೊಡ್ಡ ಗೌರವ ಸಿಕ್ಕಿತು. ಕರ್ನಾಟಕ ಸಂಗೀತವನ್ನೂ ಅವರು ಕಲಿತರು. ಟಿಪ್ಪುವಿನ ಮೊಮ್ಮಗಳಾದ ಕಾಸಿಮ್ ಬೀ ಅವರನ್ನು ಮೌಲಾ ಬಕ್ಷ್ ನಿಕಾಹ್ ಆದರು ಎಂಬುದು ಆ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆದುಬಂದ ಮಾತು. ಮುಂದೆ ಮೌಲಾ ಬಕ್ಷ್ ಬರೋಡದಲ್ಲಿ ನೆಲೆಸಿ, 1886ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಸಂಗೀತ ಶಾಲೆ ಆರಂಭಿಸಿದರು.

ಮೌಲಾ ಬಕ್ಷರ ಮಗಳು ಖತೀಜಾ ಬೀ ಪಂಜಾಬಿನ ಗಾಯಕ ರಹಮತ್ ಖಾನರನ್ನು ಮದುವೆಯಾದರು. ಅವರ ಮಗ ಇನಾಯತ್ ಖಾನ್ ಬರೋಡದಲ್ಲಿ 1882ರ ಜುಲೈ 5ರಂದು ಹುಟ್ಟಿದರು. ಇನಾಯತ್ ಖಾನರ ಹಿರಿಯ ಮಗಳೇ ನೂರ್. ನಮ್ಮ ಹಿರಿಯರು ಸಂಬಂಧ ಎಣಿಸುವ ರೀತಿಯಲ್ಲಿ ಹೇಳುವುದಾದರೆ, ನೂರ್ ಟಿಪ್ಪುವಿನ ಮಗನ ಮಗಳ ಮಗಳ ಮಗನ ಮಗಳು. ಐದು ತಲೆಮಾರಿನ ಈ ಸರಪಳಿಯಲ್ಲಿ ಎರಡು ಕೊಂಡಿಗಳು ಹೆಣ್ಣುಮಕ್ಕಳವು. ಗಂಡಸರ ಹೆಸರನ್ನಷ್ಟೇ ಬರೆಯುವ ವಂಶಾವಳಿಯಲ್ಲಿ ಈ ಸಂಬಂಧ ಕಾಣಿಸುವುದೇ ಇಲ್ಲ.

ಬಾಲ್ಯ ಮತ್ತು ವಿದ್ಯೆ

ಇನಾಯತ್ ಖಾನ್ ವೀಣೆ ನುಡಿಸುವುದರಲ್ಲಿಯೂ ಹಾಡುವುದರಲ್ಲಿಯೂ ನಿಪುಣರು. ಸೂಫಿ ಪಂಥದ ಗುರುಗಳಿಂದ ದೀಕ್ಷೆ ಪಡೆದವರು. 1910ರ ಸೆಪ್ಟೆಂಬರ್ 13ರಂದು ತಮ್ಮನೊಡನೆ ಮತ್ತು ಸೋದರ ಸಂಬಂಧಿಯೊಡನೆ ಹಡಗು ಹತ್ತಿ ಅಮೆರಿಕಕ್ಕೆ ಹೊರಟರು. ಅಲ್ಲಿ ಓರಾ ರೇ ಬೇಕರ್ ಎಂಬ ಅಮೆರಿಕದ ತರುಣಿಯ ಪರಿಚಯವಾಯಿತು. 1913ರಲ್ಲಿ ಲಂಡನ್ನಿನಲ್ಲಿ ಇಬ್ಬರೂ ಮದುವೆಯಾದರು. ಓರಾ ರೇ ಬೇಕರ್ ಅಮೀನಾ ಬೇಗಂ ಆದರು. ಈ ಬೇಕರ್ ಎಂಬ ತಾಯಿಯ ಮನೆಯ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಹೊಸ ಪಂಚಾಂಗದಂತೆ 1914ರ ಜನವರಿ 1ರಂದು ಮಾಸ್ಕೊ ನಗರದಲ್ಲಿ ನೂರ್ ಜನಿಸಿದರು. ಅದೇ ವರ್ಷ ಮೊದಲ ಮಹಾಯುದ್ಧ ಸಿಡಿಯಿತು. ಕುಟುಂಬ ಲಂಡನ್ನಿಗೆ ಬಂದು ಬಡತನದಲ್ಲಿ ದಿನ ಕಳೆಯಿತು. ತಮ್ಮಂದಿರಾದ ವಿಲಾಯತ್ ಮತ್ತು ಹಿದಾಯತ್, ತಂಗಿ ಖೈರ್‌-ಉನ್‌-ನಿಸಾ ಅಲ್ಲಿಯೇ ಹುಟ್ಟಿದರು. 1920ರಲ್ಲಿ ಅವರು ಫ್ರಾನ್ಸಿಗೆ ಹೋದರು. ಪ್ಯಾರಿಸ್ ಪಕ್ಕದ ಸ್ಯುರೇನ್ ಎಂಬ ಊರಿನಲ್ಲಿ ಅನುಯಾಯಿಯೊಬ್ಬರು ಕೊಟ್ಟ ಮನೆಗೆ ಇನಾಯತ್ ಖಾನ್ ಫಜಲ್ ಮಂಜಿಲ್ ಎಂದು ಹೆಸರಿಟ್ಟರು. ಆ ಮನೆಯಲ್ಲಿ ಸಂಜೆ ವೀಣೆಯ ನಾದ, ಮನೆತುಂಬ ಅತಿಥಿಗಳು.

ಈ ಸಂತೋಷ ಬಹಳ ದಿನ ಉಳಿಯಲಿಲ್ಲ. 1926ರಲ್ಲಿ ಭಾರತಕ್ಕೆ ಬಂದ ಇನಾಯತ್ ಖಾನ್ 1927ರ ಫೆಬ್ರವರಿ 5ರಂದು ದೆಹಲಿಯಲ್ಲಿ ತೀರಿಕೊಂಡರು. ನಿಜಾಮುದ್ದೀನ್ ಬಸ್ತಿಯಲ್ಲಿ ಅವರ ದರ್ಗಾ ಇದೆ. ಅಮೀನಾ ಬೇಗಂ ದುಃಖದಲ್ಲಿ ಮುಳುಗಿ ಕೋಣೆ ಸೇರಿದರು. ಹದಿಮೂರು ವರ್ಷದ ನೂರ್ ಮನೆಯ ಹಿರಿಯಳಾದಳು. ತಮ್ಮಂದಿರ ಮತ್ತು ತಂಗಿಯ ಊಟ, ಬಟ್ಟೆ, ಶಾಲೆಯ ಚಿಂತೆಯೆಲ್ಲ ಅವಳದೇ ಆಯಿತು. ಅಪ್ಪನಿಲ್ಲದ ಮನೆಯ ಹಿರಿಯ ಮಗಳ ಕಷ್ಟ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಿಲ್ಲ.

ಇಷ್ಟಾದರೂ ಅವರು ಓದು ಬಿಡಲಿಲ್ಲ. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಕಲಿತರು. ಹೆಸರಾಂತ ಗುರು ನಾಡಿಯಾ ಬುಲಾಂಜೆ ಅವರಲ್ಲಿ ಪಾಶ್ಚಾತ್ಯ ಸಂಗೀತ ಅಭ್ಯಾಸ ಮಾಡಿದರು. ವೀಣೆ, ಹಾರ್ಪ್, ಪಿಯಾನೊ ಮೂರನ್ನೂ ನುಡಿಸಬಲ್ಲವರಾಗಿದ್ದರು. ಮಕ್ಕಳಿಗಾಗಿ ಅವರು ಬರೆದ ಕಥೆಗಳು ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಅಚ್ಚಾದವು, ರೇಡಿಯೊದಲ್ಲಿ ಪ್ರಸಾರವಾದವು. 1939ರಲ್ಲಿ ಜಾತಕ ಕಥೆಗಳಿಂದ ಇಪ್ಪತ್ತನ್ನು ಆರಿಸಿ ಮಕ್ಕಳಿಗೆ ಒಪ್ಪುವಂತೆ ಬರೆದ ಅವರ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಮಕ್ಕಳ ಪತ್ರಿಕೆಯೊಂದನ್ನು ಹೊರತರಬೇಕೆಂಬ ಆಸೆ ಅವರಿಗಿತ್ತು. ಅದೇ ವರ್ಷ ಎರಡನೆಯ ಮಹಾಯುದ್ಧ ಬಂತು, ಆಸೆ ಹಾಗೆಯೇ ಉಳಿಯಿತು.

ಯುದ್ಧದ ಕರೆ

1940ರ ಜೂನ್‌ನಲ್ಲಿ ಹಿಟ್ಲರನ ಸೇನೆ ಪ್ಯಾರಿಸ್ ಹಿಡಿಯಿತು. ನೂರ್ ಅವರ ಕುಟುಂಬ ಲಕ್ಷಾಂತರ ನಿರಾಶ್ರಿತರ ಜೊತೆ ರಸ್ತೆ ಹಿಡಿದು ಬೋರ್ಡೊ ಕಡೆಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಇಂಗ್ಲೆಂಡ್ ತಲುಪಿತು. ಅಹಿಂಸೆಯನ್ನು ನಂಬಿದ ತಂದೆಯ ಮಕ್ಕಳು ಯುದ್ಧದಲ್ಲಿ ಭಾಗವಹಿಸಬಹುದೇ ಎಂದು ನೂರ್ ಮತ್ತು ವಿಲಾಯತ್ ಬಹಳ ಯೋಚಿಸಿದರು. ಯಹೂದಿಗಳ ಮೇಲೆ ನಡೆಯುತ್ತಿದ್ದ ಅನ್ಯಾಯ, ತಾವು ಬೆಳೆದ ದೇಶದ ದಾಸ್ಯ ಇವನ್ನು ನೋಡಿಕೊಂಡು ಸುಮ್ಮನಿರಲು ಅವರ ಮನಸ್ಸು ಒಪ್ಪಲಿಲ್ಲ. ಅಪಾಯದ ಕೆಲಸ ಮಾಡೋಣ, ಆದರೆ ಕೊಲ್ಲುವ ಕೆಲಸ ಬೇಡ ಎಂಬ ತೀರ್ಮಾನಕ್ಕೆ ಬಂದರು. ವಿಲಾಯತ್ ನೌಕಾಪಡೆ ಸೇರಿದರು. ನೂರ್ 1940ರ ನವೆಂಬರ್ 19ರಂದು ವಾಯುಪಡೆಯ ಮಹಿಳಾ ವಿಭಾಗ ಸೇರಿ ನಿಸ್ತಂತು ಸಂದೇಶ ಕಳುಹಿಸುವ ತರಬೇತಿ ಪಡೆದರು.

ಅಧಿಕಾರಿ ಹುದ್ದೆಗೆ ಸಂದರ್ಶನ ನಡೆದಾಗ ಭಾರತದ ವಿಷಯ ಬಂತು. ಈ ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯಕ್ಕೆ ತಾವು ಬೆಂಬಲ ಕೊಡುವುದಾಗಿ ಅವರು ಬ್ರಿಟಿಷ್ ಅಧಿಕಾರಿಗಳ ಎದುರಿಗೇ ನೇರವಾಗಿ ಹೇಳಿದರು. ಕೆಲಸ ಸಿಗಲಿ ಎಂದು ಮಾತು ಮರೆಸುವ ಸ್ವಭಾವ ಅವರದಾಗಿರಲಿಲ್ಲ.

ಫ್ರೆಂಚ್ ಭಾಷೆಯನ್ನು ತಾಯ್ನುಡಿಯಂತೆ ಆಡಬಲ್ಲ, ನಿಸ್ತಂತು ಯಂತ್ರ ಬಲ್ಲ ತರುಣಿ ಗುಪ್ತ ಕಾರ್ಯಾಚರಣೆಯ ಇಲಾಖೆಗೆ ಬೇಕಾಗಿದ್ದಳು. 1943ರ ಫೆಬ್ರವರಿಯಲ್ಲಿ ನೂರ್ ಆ ಇಲಾಖೆ ಸೇರಿದರು. ತರಬೇತಿ ಕೊಟ್ಟ ಕೆಲವರಿಗೆ ಅವರ ಬಗ್ಗೆ ಸಂದೇಹವಿತ್ತು. ಮೃದು ಸ್ವಭಾವ, ಸುಳ್ಳು ಹೇಳಲು ಹಿಂಜರಿಕೆ. ಇಂಥವರು ಗೂಢಚಾರರಾಗಲು ಸಲ್ಲ ಎಂದು ವರದಿ ಬರೆದರು. ಆದರೆ ನಿಸ್ತಂತು ಬಲ್ಲವರ ಕೊರತೆ ಬಹಳವಿತ್ತು. ಮೇಲಧಿಕಾರಿಗಳು ಆ ವರದಿಗಳನ್ನು ಬದಿಗಿಟ್ಟರು.

ಪ್ಯಾರಿಸ್ಸಿನಲ್ಲಿ ಒಂಟಿ ದನಿ

1943ರ ಜೂನ್ 16ರ ರಾತ್ರಿ ಬೆಳದಿಂಗಳಲ್ಲಿ ಲೈಸಾಂಡರ್ ಎಂಬ ಪುಟ್ಟ ವಿಮಾನ ಅವರನ್ನು ಫ್ರಾನ್ಸಿನ ಆಂಜೆ ಪಟ್ಟಣದ ಹತ್ತಿರದ ಹೊಲವೊಂದರಲ್ಲಿ ಇಳಿಸಿತು. ಆಕ್ರಮಿತ ಫ್ರಾನ್ಸಿಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ನಿಸ್ತಂತು ನಿರ್ವಾಹಕಿ ಅವರು. ಗುಪ್ತನಾಮ ಮ್ಯಾಡಲಿನ್. ಕೈಯಲ್ಲಿದ್ದ ಸುಳ್ಳು ಕಾಗದಪತ್ರಗಳ ಪ್ರಕಾರ ಅವರು ಮಕ್ಕಳನ್ನು ನೋಡಿಕೊಳ್ಳುವ ದಾದಿ.

ಇಳಿದು ಹತ್ತು ದಿನವೂ ಆಗಿರಲಿಲ್ಲ, ಪ್ಯಾರಿಸ್ಸಿನ ಗುಪ್ತ ಜಾಲವನ್ನು ಜರ್ಮನ್ ಪೊಲೀಸರು ಭೇದಿಸಿದರು. ಜೂನ್ 24ರಿಂದ ಒಬ್ಬರ ಹಿಂದೆ ಒಬ್ಬರು ಸೆರೆಯಾದರು. ನಿಸ್ತಂತು ನಿರ್ವಾಹಕರೂ ಸಿಕ್ಕಿಬಿದ್ದರು. ಮರಳಿ ಬರುವಂತೆ ಲಂಡನ್ ಹೇಳಿತು. ತಾವೂ ಹೊರಟರೆ ಆ ಭಾಗದಿಂದ ಲಂಡನ್ನಿಗೆ ಸುದ್ದಿ ಮುಟ್ಟಿಸುವವರೇ ಇರುವುದಿಲ್ಲವೆಂದು ನೂರ್ ಒಪ್ಪಲಿಲ್ಲ.

ಆ ನಿಸ್ತಂತು ಯಂತ್ರ ಒಂದು ಸೂಟ್‌ಕೇಸಿನಷ್ಟಿತ್ತು. ತೂಕ ಸುಮಾರು 14 ಕಿಲೋ. ವೈರಿಗಳ ವಾಹನಗಳು ರೇಡಿಯೊ ಅಲೆಗಳ ಜಾಡು ಹಿಡಿದು ಬೀದಿಬೀದಿ ಸುತ್ತುತ್ತಿದ್ದವು. ಒಂದೇ ಕಡೆ ಹೆಚ್ಚು ಹೊತ್ತು ಯಂತ್ರ ನಡೆಸಿದರೆ ಸಿಕ್ಕಿಬೀಳುವುದು ಖಂಡಿತ. ಆದ್ದರಿಂದ ಅವರು ದಿನಕ್ಕೊಂದು ಮನೆ, ವಾರಕ್ಕೊಂದು ಬೀದಿ ಬದಲಿಸುತ್ತ, ಕೂದಲಿನ ಬಣ್ಣ ಬದಲಿಸುತ್ತ ಓಡಾಡಿದರು. ಬಾಲ್ಯದ ಊರಾದ ಸ್ಯುರೇನ್‌ಗೂ ಹೋಗಿ ಹಳೆಯ ಪರಿಚಯದವರ ಮನೆಗಳಿಂದ ಸಂದೇಶ ಕಳುಹಿಸಿದರು. ಒಮ್ಮೆ ಕಿಟಕಿಯ ಹೊರಗೆ ಆಂಟೆನಾ ತಂತಿ ಕಟ್ಟಲು ಪರದಾಡುತ್ತಿದ್ದಾಗ, ಅದೇ ಕಟ್ಟಡದ ಜರ್ಮನ್ ಅಧಿಕಾರಿಯೊಬ್ಬ ಹಾಡು ಕೇಳುವ ರೇಡಿಯೊ ಇರಬೇಕೆಂದು ತಿಳಿದು ತಾನೇ ಕಟ್ಟಿಕೊಟ್ಟನಂತೆ. ಈ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಬರುತ್ತದೆ.

ಮಿತ್ರರಾಷ್ಟ್ರಗಳ ವಿಮಾನ ಚಾಲಕರನ್ನು ಪಾರುಮಾಡಲು, ಹಣ ಮತ್ತು ಆಯುಧ ತರಿಸಿಕೊಳ್ಳಲು ಬೇಕಾದ ಸುದ್ದಿಗಳು ಅವರ ಬೆರಳ ತುದಿಯಿಂದ ಲಂಡನ್ನಿಗೆ ಹೋದವು. ಬೆಳದಿಂಗಳ ರಾತ್ರಿ ಬಂದುಹೋಗುವ ಪುಟ್ಟ ವಿಮಾನಗಳು ಗುಪ್ತ ಟಪಾಲನ್ನೂ ಒಯ್ಯುತ್ತಿದ್ದವು. ಅವುಗಳಲ್ಲಿ ನೂರ್ ಬರೆದ ಪತ್ರಗಳೂ ಇಂಗ್ಲೆಂಡ್ ತಲುಪಿದವು. ಅಂಚೆಚೀಟಿ ಇಲ್ಲದ, ಠಸ್ಸೆ ಬೀಳದ ಪತ್ರಗಳು ಅವು. ಆ ಕಾಲದಲ್ಲಿ ಇಂಥ ನಿರ್ವಾಹಕರು ಆರು ವಾರ ಉಳಿದರೆ ದೊಡ್ಡದು ಎಂಬ ಮಾತಿತ್ತು. ನೂರ್ ಸುಮಾರು ನಾಲ್ಕು ತಿಂಗಳು ಉಳಿದರು.

ಕಾಪಾಡಿಟ್ಟ ಕಾಗದ

1943ರ ಅಕ್ಟೋಬರ್ ಮಧ್ಯದಲ್ಲಿ ಅವರನ್ನು ಮರಳಿ ಕರೆಸಿಕೊಳ್ಳುವ ಏರ್ಪಾಡು ನಡೆದಿತ್ತು. ಅಷ್ಟರಲ್ಲಿ ಯಾರೋ ಹಣಕ್ಕಾಗಿ ಅವರ ಮನೆಯ ವಿಳಾಸವನ್ನು ಮಾರಿಕೊಂಡರು. ಅಕ್ಟೋಬರ್ 13ರ ಸುಮಾರಿಗೆ ಅವರು ಸೆರೆಯಾದರು. ಕಚ್ಚಿ ಪರಚಿ ಹೋರಾಡಿದ ಅವರನ್ನು ಹಿಡಿಯಲು ಬಂದವನು ಸಹಾಯಕ್ಕೆ ಇನ್ನಷ್ಟು ಜನರನ್ನು ಕರೆಸಬೇಕಾಯಿತು.

ಇಲ್ಲೊಂದು ನೋವಿನ ಸಂಗತಿಯಿದೆ. ಜೀವನಚರಿತ್ರೆ ಬರೆಯುವವರು ಅದನ್ನು ಮುಚ್ಚಿಡಬಾರದು. ಕೋಣೆಯಲ್ಲಿ ಯಂತ್ರದ ಜೊತೆಗೆ ಒಂದು ನೋಟ್‌ಬುಕ್ಕೂ ವೈರಿಗಳ ಕೈಸೇರಿತು. ಅದುವರೆಗೆ ಕಳುಹಿಸಿದ, ಬಂದ ಎಲ್ಲ ಸಂದೇಶಗಳನ್ನೂ ನೂರ್ ಅದರಲ್ಲಿ ಸಂಕೇತದಲ್ಲಿಯೂ ಸಾದಾ ಭಾಷೆಯಲ್ಲಿಯೂ ಬರೆದಿಟ್ಟಿದ್ದರು. ಸಂದೇಶಗಳ ಫೈಲಿಂಗ್ ಬಗ್ಗೆ ಎಚ್ಚರವಿರಲಿ ಎಂಬ ಅರ್ಥದ ಸೂಚನೆ ಅವರಿಗೆ ಸಿಕ್ಕಿತ್ತು. ಇಂಗ್ಲಿಷಿನಲ್ಲಿ ಆ ಪದಕ್ಕೆ ಸುದ್ದಿ ಕಳುಹಿಸುವುದು ಎಂಬ ಅರ್ಥವೂ ಇದೆ, ಕಾಗದ ಜೋಡಿಸಿ ಕಾಪಾಡುವುದು ಎಂಬ ಅರ್ಥವೂ ಇದೆ. ಅವರು ಎರಡನೆಯ ಅರ್ಥ ಹಿಡಿದರೆಂದು ಇತಿಹಾಸಕಾರರು ಹೇಳುತ್ತಾರೆ.

ಆ ನೋಟ್‌ಬುಕ್ಕಿನ ಆಧಾರದಿಂದ ಜರ್ಮನರು ನೂರ್ ಅವರ ಹೆಸರಿನಲ್ಲಿ ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸತೊಡಗಿದರು. ಲಂಡನ್ನಿನ ಕಚೇರಿ ಬಹುಕಾಲ ಅದನ್ನು ನಂಬಿತು. ಎಚ್ಚರಿಕೆಯ ಸೂಚನೆಗಳನ್ನು ಅಲಕ್ಷಿಸಿತು. 1944ರ ಫೆಬ್ರವರಿ 29ರ ರಾತ್ರಿ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದ ಮೂವರು ನೇರವಾಗಿ ವೈರಿಗಳ ಕೈಗೇ ಬಿದ್ದರು. ಅವರಲ್ಲಿ ಮ್ಯಾಡಲಿನ್ ದಾಮೆರ್ಮಾಂ ಎಂಬ ಫ್ರೆಂಚ್ ತರುಣಿಯೂ ಒಬ್ಬರು. ಕಾಪಾಡಿಟ್ಟ ಕಾಗದವೇ ಇಲ್ಲಿ ಜೀವಗಳಿಗೆ ಮುಳುವಾಯಿತು.

ಆದರೆ ನೂರ್ ಬಾಯಿಂದ ವೈರಿಗಳಿಗೆ ಒಂದು ಹೆಸರೂ ಸಿಗಲಿಲ್ಲ. ಸೆರೆಯಾದ ದಿನವೇ ಸ್ನಾನದ ಕೋಣೆಯ ಕಿಟಕಿಯಿಂದ ಪಾರಾಗಲು ನೋಡಿದರು. ನವೆಂಬರ್ 25ರ ರಾತ್ರಿ ಇಬ್ಬರು ಸಹಕೈದಿಗಳೊಡನೆ ಮಾಳಿಗೆಯ ಕಿಂಡಿಯಿಂದ ಛಾವಣಿ ಹತ್ತಿದರು. ಅದೇ ಹೊತ್ತಿಗೆ ವಿಮಾನ ದಾಳಿಯ ಸೈರನ್ ಮೊಳಗಿ, ಕೈದಿಗಳ ತಪಾಸಣೆ ನಡೆದು ಸಿಕ್ಕಿಬಿದ್ದರು. ಇನ್ನು ಮುಂದೆ ತಪ್ಪಿಸಿಕೊಳ್ಳುವುದಿಲ್ಲವೆಂದು ಬರೆದುಕೊಡಲು ಹೇಳಿದಾಗ ನಿರಾಕರಿಸಿದರು. ಎರಡು ದಿನಗಳಲ್ಲಿ ಅವರನ್ನು ಜರ್ಮನಿಗೆ ಸಾಗಿಸಲಾಯಿತು.

ಬಟ್ಟಲಿನ ತಳದ ವಿಳಾಸ

ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಅವರನ್ನು ಒಂಟಿ ಕೋಣೆಯಲ್ಲಿ ಕೈಕಾಲುಗಳಿಗೆ ಸರಪಳಿ ಹಾಕಿ ಇಡಲಾಯಿತು. ಪತ್ರ ಬರೆಯುವಂತಿಲ್ಲ, ಪತ್ರ ಬರುವಂತಿಲ್ಲ, ಯಾರೊಡನೆಯೂ ಮಾತಾಡುವಂತಿಲ್ಲ. ಸುಳಿವೇ ಸಿಗದಂತೆ ಅಳಿಸಿಹಾಕಬೇಕಾದವರೆಂದು ಗುರುತಿಸಿದ ಕೈದಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು. ಹತ್ತು ತಿಂಗಳು ಹೀಗೆ ಕಳೆದವು.

ಅದೇ ಸೆರೆಮನೆಯಲ್ಲಿ ಕೆಲವು ಫ್ರೆಂಚ್ ಮಹಿಳಾ ಕೈದಿಗಳಿದ್ದರು. ಊಟದ ಬಟ್ಟಲುಗಳು ಕೋಣೆಯಿಂದ ಕೋಣೆಗೆ ಬದಲಾಗುವುದನ್ನು ಅವರು ಗಮನಿಸಿದರು. ಹೆಣಿಗೆಯ ಕಡ್ಡಿಯಿಂದ ಬಟ್ಟಲಿನ ತಳದಲ್ಲಿ ಗೀಚಿ ಸುದ್ದಿ ಕಳುಹಿಸಿದರು. ಉತ್ತರ ಬಂತು. ಹೀಗೆ ಅಂಚೆಪೇದೆ ಇಲ್ಲದ ಒಂದು ಟಪಾಲು ಆ ಸೆರೆಮನೆಯಲ್ಲಿ ನಡೆಯಿತು. ಒಂದು ದಿನ ನೂರ್ ತಮ್ಮ ಗುರುತನ್ನು ಗೀಚಿ ಕಳುಹಿಸಿದರು. ಹೆಸರು, ನೋರಾ ಬೇಕರ್. ವಿಳಾಸ, ಲಂಡನ್ನಿನ 4, ಟ್ಯಾವಿಟನ್ ಸ್ಟ್ರೀಟ್. ವೈರಿಗಳಿಗೆ ಹೇಳಿದ್ದೂ ಅದೇ ಹೆಸರು. ತಾಯಿಯ ತವರಿನ ಹೆಸರು. ವಿಳಾಸ ಮಾತ್ರ ತಾಯಿ ಕಾಯುತ್ತಿದ್ದ ಮನೆಯದು. ಯೋಲಾಂದ್ ಲಾಗ್ರಾವ್ ಎಂಬ ಫ್ರೆಂಚ್ ಕೈದಿ ಅದನ್ನು ನೆನಪಿನಲ್ಲಿ ಭದ್ರಪಡಿಸಿಕೊಂಡರು.

1944ರ ಸೆಪ್ಟೆಂಬರ್ 11ರಂದು ನೂರ್ ಅವರನ್ನು ಅಲ್ಲಿಂದ ಒಯ್ದರು. ಇನ್ನೂ ಮೂವರು ಮಹಿಳಾ ಗೂಢಚಾರರ ಜೊತೆ ಅವರನ್ನು ಡಖಾವ್ ಶಿಬಿರಕ್ಕೆ ಸೇರಿಸಿ, ಸೆಪ್ಟೆಂಬರ್ 13ರ ಬೆಳಗಿನ ಜಾವ ಗುಂಡಿಟ್ಟು ಕೊಂದರು. ಆಗ ಅವರಿಗೆ ಮೂವತ್ತು ವರ್ಷ. ಆ ಮೂವರಲ್ಲಿ ಒಬ್ಬರು ಮ್ಯಾಡಲಿನ್ ದಾಮೆರ್ಮಾಂ. ತಂದೆ ಇನಾಯತ್ ಖಾನ್ ಭಾರತ ಬಿಟ್ಟು ಹೊರಟದ್ದೂ ಸೆಪ್ಟೆಂಬರ್ 13ರಂದೇ, 34 ವರ್ಷಗಳ ಹಿಂದೆ.

ಯುದ್ಧ ಮುಗಿದರೂ ಮನೆಯವರಿಗೆ ಸತ್ಯ ತಿಳಿಯಲಿಲ್ಲ. ಗುಪ್ತ ಇಲಾಖೆಯ ಅಧಿಕಾರಿ ವೆರಾ ಆಟ್ಕಿನ್ಸ್ ಕಾಣೆಯಾದವರನ್ನು ಹುಡುಕುತ್ತ ಜರ್ಮನಿಗೆ ಹೋದರು. ನಾಟ್ಸ್‌ವೈಲರ್ ಎಂಬ ಇನ್ನೊಂದು ಶಿಬಿರದಲ್ಲಿ 1944ರ ಜುಲೈ 6ರಂದು ಕೊಲೆಯಾದ ನಾಲ್ವರು ಮಹಿಳೆಯರಲ್ಲಿ ನೂರ್ ಒಬ್ಬರು ಎಂದು ಮೊದಲು ತೀರ್ಮಾನವಾಯಿತು. ಆದರೆ ಬದುಕಿ ಬಂದಿದ್ದ ಲಾಗ್ರಾವ್ ಬೇರೆಯೇ ಮಾತು ಹೇಳಿದರು. ನೋರಾ ಬೇಕರ್ ಎಂಬ ಕೈದಿ ಸೆಪ್ಟೆಂಬರ್‌ವರೆಗೂ ತಮ್ಮ ಸೆರೆಮನೆಯಲ್ಲಿದ್ದಳು. ಹಾಗಾದರೆ ಜುಲೈಯಲ್ಲಿ ಬೇರೆ ಕಡೆ ಸತ್ತಿರಲು ಹೇಗೆ ಸಾಧ್ಯ? ಹುಡುಕಾಟ ಮತ್ತೆ ಆರಂಭವಾಗಿ 1947ರ ಹೊತ್ತಿಗೆ ಡಖಾವ್‌ನ ಸತ್ಯ ಹೊರಬಂತು. ನಾಟ್ಸ್‌ವೈಲರ್‌ನಲ್ಲಿ ಮಡಿದವರು ಸೋನಿಯಾ ಓಲ್ಶನೆಜ್ಕಿ ಎಂಬ ಇನ್ನೊಬ್ಬ ತರುಣಿಯೆಂದೂ ಮುಂದೆ ತಿಳಿಯಿತು.

ಒಂದು ಬಟ್ಟಲಿನ ತಳದಲ್ಲಿ ಗೀಚಿದ ಹೆಸರು ಮತ್ತು ವಿಳಾಸ ಹೀಗೆ ಒಬ್ಬ ಮಗಳ ಕೊನೆಯ ಸುದ್ದಿಯನ್ನು ಮನೆಗೆ ಮುಟ್ಟಿಸಲು ನೆರವಾಯಿತು. ಕಾಪಾಡಿದ ನೋಟ್‌ಬುಕ್ ಜೀವಗಳನ್ನು ತೆಗೆದದ್ದು ನಿಜ; ಕಾಪಾಡಿದ ವಿಳಾಸ ಕಳೆದುಹೋಗಬೇಕಿದ್ದ ಜೀವನವೊಂದನ್ನು ಮರಳಿ ಕೊಟ್ಟದ್ದೂ ಅಷ್ಟೇ ನಿಜ.

ಸಂದ ಗೌರವ

ಫ್ರಾನ್ಸ್ 1946ರಲ್ಲಿ ಕ್ರುವಾ ದ ಗೇರ್ ಪದಕವನ್ನೂ ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನೂ ಮರಣೋತ್ತರವಾಗಿ ನೀಡಿದವು. 1952ರಲ್ಲಿ ಜೀನ್ ಓವರ್ಟನ್ ಫುಲ್ಲರ್ ಅವರ ಜೀವನಚರಿತ್ರೆ ಬರೆದರು. 2006ರಲ್ಲಿ ಶ್ರಬನಿ ಬಸು ಬರೆದ ಪುಸ್ತಕದಿಂದ ನೂರ್ ಹೆಸರು ಭಾರತದಲ್ಲಿ ಮನೆಮಾತಾಯಿತು. 2012ರ ನವೆಂಬರ್ 8ರಂದು ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು. 2014ರಲ್ಲಿ ನಾನು ಮೇಲೆ ಹೇಳಿದ ಚೀಟಿ ಬಂತು. 2020ರ ಆಗಸ್ಟ್‌ನಲ್ಲಿ, ಬಟ್ಟಲಿನ ತಳದಲ್ಲಿ ಗೀಚಿದ ಅದೇ 4, ಟ್ಯಾವಿಟನ್ ಸ್ಟ್ರೀಟ್ ಮನೆಯ ಗೋಡೆಗೆ ಸ್ಮಾರಕದ ನೀಲಿ ಫಲಕ ಹಾಕಲಾಯಿತು. 2025ರಲ್ಲಿ ಫ್ರಾನ್ಸಿನ ಅಂಚೆ ಇಲಾಖೆಯೂ ಪ್ರತಿರೋಧದ ವೀರರ ಮಾಲಿಕೆಯಲ್ಲಿ ಅವರ ಚೀಟಿ ಹೊರತಂದಿತು. ಪತ್ರ ಬರೆಯುವ ಹಕ್ಕನ್ನೂ ಕಸಿದುಕೊಂಡಿದ್ದ ಕೈದಿಯ ಮುಖ ಈಗ ಎರಡು ದೇಶಗಳ ಪತ್ರಗಳ ಮೇಲೆ ಪಯಣಿಸಿದೆ.

ನಮ್ಮ ಮನೆಯ ತಂತಿಯಲ್ಲಿ ಏನಿದೆ?

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಚೀಟಿಗಾಗಿ ಲಕೋಟೆಯ ಮೂಲೆ ಹರಿಯುತ್ತಿದ್ದ ನಾವು ಚೀಟಿಯನ್ನು ಉಳಿಸಿಕೊಂಡು ಸಂಬಂಧವನ್ನು ಕಳೆದುಕೊಂಡೆವು. ಬಿಡಿಸಿದ ಚೀಟಿಯ ಮೇಲೆ ಠಸ್ಸೆಯ ಅರ್ಧ ವೃತ್ತ ಮಾತ್ರ ಉಳಿಯುತ್ತದೆ. ಊರಿನ ಹೆಸರು, ತಾರೀಖು, ಬರೆದವರ ಕೈಬರಹ, ವಿಳಾಸ ಎಲ್ಲವೂ ಹರಿದ ಲಕೋಟೆಯೊಡನೆ ಒಲೆಗೆ ಹೋದವು. ನನ್ನ ಮುತ್ತಜ್ಜನ ಅಣ್ಣತಮ್ಮಂದಿರು ಯಾವ ಊರುಗಳಿಗೆ ಹೋಗಿ ನೆಲೆಸಿದರು ಎಂದು ಇಂದು ಕೇಳಿದರೆ ಹೇಳುವವರಿಲ್ಲ. ಹೇಳಬಹುದಾಗಿದ್ದ ಪತ್ರಗಳನ್ನು ಹರಿದವನು ನಾನೇ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದ ಮೇಲೆ ಹಳೆಯ ಪತ್ರಗಳಿದ್ದರೆ ಒಮ್ಮೆ ತೆಗೆದು ನೋಡಿ. ಮೇಲೆ 786 ಎಂದು ಬರೆದು ಆರಂಭಿಸಿದ ಉರ್ದು ಪತ್ರವಿರಬಹುದು, ಮರಾಠಿಯ ಮೋಡಿ ಲಿಪಿಯದಿರಬಹುದು, ಕನ್ನಡದ್ದಿರಬಹುದು. ಓದಲು ಬಾರದಿದ್ದರೂ ಲಕೋಟೆ ಮಾತಾಡುತ್ತದೆ. ರಾಜನ ಮುಖದ ಚೀಟಿಯಿದ್ದರೆ ಅದು ಬ್ರಿಟಿಷರ ಕಾಲದ ಮುದ್ರಣ. ಸ್ವತಂತ್ರ ಭಾರತದ ಮೊದಲ ಚೀಟಿ ಬಂದದ್ದು 1947ರ ನವೆಂಬರ್ 21ರಂದು. ಆಣೆಯ ಲೆಕ್ಕದ ಚೀಟಿ 1957ಕ್ಕಿಂತ ಹಿಂದಿನದು. ನಯೇ ಪೈಸೆ ಎಂದಿದ್ದರೆ ಅದರ ನಂತರದ ಕೆಲವು ವರ್ಷಗಳದ್ದು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಅದಿದ್ದರೆ ಪತ್ರ ಅದಕ್ಕಿಂತ ಈಚಿನದು. ಕುಲಗೋಡ, ತಾಲೂಕು ಗೋಕಾಕ, ಜಿಲ್ಲಾ ಬೆಳಗಾಂವ ಎಂಬ ಹಳೆಯ ವಿಳಾಸವನ್ನು ಇಂದಿನ ಮಕ್ಕಳು ತಾಲೂಕು ಮೂಡಲಗಿ, ಜಿಲ್ಲೆ ಬೆಳಗಾವಿ ಎಂದು ಓದಿಕೊಳ್ಳಬೇಕು. ಠಸ್ಸೆಯಲ್ಲಿ ಗೋಕಾಕ ಫಾಲ್ಸ್ ಎಂದಿದ್ದರೆ ಅಜ್ಜ ಅಲ್ಲಿಯ ಗಿರಣಿಯಲ್ಲಿ ದುಡಿಯುತ್ತಿದ್ದನೇ ಎಂದು ಮನೆಯ ಹಿರಿಯರನ್ನು ಕೇಳಿ. ಮಿರಜ, ಮುಂಬೈ, ಗೋವಾ ಎಂದಿದ್ದರೆ ಅಲ್ಲಿ ಯಾರಿದ್ದರು ಎಂದು ಕೇಳಿ.

ಅಜ್ಜಿಯ ತವರಿನ ಹೆಸರನ್ನೂ ಬರೆದಿಡಲು ಮರೆಯಬೇಡಿ. ಟಿಪ್ಪುವಿನಿಂದ ನೂರ್‌ವರೆಗಿನ ಸರಪಳಿ ಉಳಿದದ್ದು ಕಾಸಿಮ್ ಬೀ, ಖತೀಜಾ ಬೀ ಎಂಬ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಮನೆಯವರು ನೆನಪಿಟ್ಟದ್ದರಿಂದ. ಡಖಾವ್‌ನ ಸತ್ಯ ತಿಳಿಯಲು ದಾರಿಯಾದದ್ದೂ ತಾಯಿಯ ತವರಿನ ಹೆಸರು.

ಚೀಟಿ ಸಂಗ್ರಹಿಸುವ ಮಕ್ಕಳಿಗೆ ನನ್ನದೊಂದೇ ಕಿವಿಮಾತು. ಲಕೋಟೆಯಿಂದ ಚೀಟಿಯನ್ನು ಬಿಡಿಸಬೇಡಿ. ಹಾಗೆಯೇ ಇಡಿ.